ಸ್ಮಶಾನದ ಬೆಂಚಿಗೆ ನನ್ನ ಹೆಸರು

ನನಗೆ ದಾನ ಮಾಡುವ ಆಸೆಗಿಂತ ದಾನಿ ಎಂದು ಹೆಸರು ಬರೆಸಿಕೊಳ್ಳುವ ಆಸೆ ಹೆಚ್ಚು. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಬಸ್‌ಸ್ಟ್ಯಾಂಡು, ಶಾಲೆ ಅಂತ ಕಂಡ ಗೋಡೆಗೆಲ್ಲ ಹೆಸರು ಬರೆಸಿಕೊಂಡವರಿಗಿಲ್ಲದ ನಾಚಿಕೆ ನನಗೊಬ್ಬನಿಗೇಕೆ? ತೊಂದರೆ ಏನೆಂದರೆ, ನಾನು ಬಟ್ಟೆ ಅಂಗಡಿಯ ಗಲ್ಲಾದಿಂದ ಎದ್ದು ಸಮಾಜಸೇವೆಗೆ ಇಳಿಯುವ ಹೊತ್ತಿಗೆ ರಿಪ್ಪನ್‌ಪೇಟೆಯ ಒಳ್ಳೆಯ ಜಾಗಗಳೆಲ್ಲ ಭರ್ತಿಯಾಗಿದ್ದವು. ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೂ ಯಾರದೋ ಹೆಸರು. ಅದನ್ನು ಓದಬೇಕೆಂದರೆ ಕರೆಂಟು ಹೋಗಬೇಕು.

ಉಳಿದಿದ್ದು ಸ್ಮಶಾನ. ಊರ ಯುವಕರು ಅಲ್ಲಿ ಶ್ರಮದಾನ ಇಟ್ಟುಕೊಂಡಿದ್ದರು. ನಾನೂ ಕತ್ತಿ ಹಿಡಿದು ಹೋದೆ. ಫೋಟೋ ತೆಗೆಯುವವರೆಗೆ ಮುಳ್ಳುಪೊದೆ ಕಡಿದೆ, ಆಮೇಲೆ ಸೊಂಟ ಹಿಡಿಯಿತು. ಕೂರೋಣವೆಂದರೆ ಇದ್ದ ಬೆಂಚುಗಳಲ್ಲಿ ಜಾಗವಿಲ್ಲ. ನಿಂತ ನಿಲುವಿನಲ್ಲೇ ನಾನು ದಾನಿಯಾದೆ: ಒಂದು ಸಿಮೆಂಟ್ ಬೆಂಚು ನನ್ನದು, ಹೆಸರು ಮಾತ್ರ ದೂರಕ್ಕೂ ಕಾಣಬೇಕು. ಪೇಂಟರ್ ಮಂಜಣ್ಣ ದೊಡ್ಡದಾಗಿಯೇ ಬರೆದ. ಅಲ್ಲಿನ ಬೇರೆ ಬೆಂಚುಗಳೆಲ್ಲ ತೀರಿಕೊಂಡವರ ನೆನಪಿಗೆ ಕೊಟ್ಟವು. ಅವರ ಹೆಸರಿನ ಎರಡೂ ಬದಿಗೆ ಉರಿಯುವ ದೀಪದ ಚಿತ್ರ ಬರೆದವನೂ ಅವನೇ. ಕೈ ಅಭ್ಯಾಸ, ನನಗೂ ಎರಡು ದೀಪ ಹಚ್ಚಿಬಿಟ್ಟ. ಚೆಂದವಾಗಿದೆ ಎಂದು ನಾನೇ ಅವನ ಬೆನ್ನು ತಟ್ಟಿ ಬಂದೆ.

ವಾರ ಕಳೆಯಲಿಲ್ಲ, ನನ್ನ ಹೆಂಡತಿ ಸುಮಿತ್ರಾಗೆ ಮೇಳಿಗೆಯ ಚಿಕ್ಕಮ್ಮನ ಫೋನು ಬಂತು. ಅವರ ಮಗ ಯಾರದೋ ಸಾವಿಗೆ ಇಲ್ಲಿಗೆ ಬಂದವನು ಬೆಂಚು ಓದಿಕೊಂಡು ಹೋಗಿದ್ದ. ಚಿಕ್ಕಮ್ಮ ಒಂದಿಷ್ಟು ಅತ್ತರು, ಆಮೇಲೆ ಸಿಟ್ಟಾದರು. "ಅಲ್ವೇ ಸುಮಿ, ಸಾವಿಗೆ ಹೇಳೋಕಾಗ್ಲಿಲ್ಲ ಅಂದ್ರೆ ಹೋಗ್ಲಿ, ತಿಥಿ ಊಟಕ್ಕಾದ್ರೂ ಕರೀಬಾರ್ದಿತ್ತಾ?"

ಪಕ್ಕದಲ್ಲಿ ಕಡುಬು ತಿನ್ನುತ್ತಿದ್ದ ನಾನು "ಕೊಡು, ನಾನೇ ಮಾತಾಡ್ತೀನಿ" ಎಂದೆ. ಸತ್ತವನ ದನಿ ಕೇಳಿ ಅವರಿಗೆ ಏನಾದರೂ ಆದೀತೆಂದು ಸುಮಿತ್ರಾ ಕೊಡಲಿಲ್ಲ. ನಾನು ಬದುಕಿರುವ ವಿಷಯವನ್ನು ತಾನೇ ನಿಧಾನವಾಗಿ ತಿಳಿಸಿದಳು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿದಳು. "ಎಂತಾ ಹೆಸರಿನ ಹುಚ್ಚು ಮಾರಾಯ್ರೆ ನಿಮ್ದು! ನೀವು ಎದುರಿಗೆ ಕೂತಿರುವಾಗ್ಲೇ ನಂಗೆ ಸಮಾಧಾನ ಹೇಳ್ತಾರೆ. ಅಳಿಸಿ ಬರೋವರೆಗೆ ಊಟ ಕೇಳ್ಬೇಡಿ." ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನೋಡಿ ನನಗೆ ಸಂಕಟವಾಯಿತು. ಹೆಸರು ಹೋಗುತ್ತದಲ್ಲ ಎಂದೂ ಸ್ವಲ್ಪ ಆಯಿತು.

ಬಣ್ಣದ ಡಬ್ಬಿ ಹಿಡಿದು ಹೋದರೆ, ವಯಸ್ಸಾದವರೊಬ್ಬರು ನನ್ನ ಹೆಸರಿಗೇ ಒರಗಿ ಕೂತಿದ್ದರು. ಹೆಂಡತಿಯನ್ನು ಹಿಂದಿನ ದಿನವಷ್ಟೇ ಸುಟ್ಟಿದ್ದರು. ಆಚೆ ಮಗ ಬೂದಿ ತುಂಬಿಕೊಳ್ಳುತ್ತಿದ್ದ.

"ನಿನ್ನೆಯಿಂದ ಕಾಲು ನಿಲ್ತಿಲ್ಲ," ಎಂದರು. "ಈ ಬೆಂಚು ಇಲ್ದಿದ್ರೆ ಬಿದ್ದೇ ಹೋಗ್ತಿದ್ದೆ. ಕೊಟ್ಟ ಪುಣ್ಯಾತ್ಮ ಸ್ವರ್ಗದಲ್ಲಿ ತಣ್ಣಗಿರ್ಲಿ."

ಆ ಪುಣ್ಯಾತ್ಮ ನಾನೇ ಎನ್ನಲು ಬಾಯಿ ತೆರೆದೆ. ಅವರ ಮುಖ ನೋಡಿ, "ಇರ್ಲಿ" ಎಂದಷ್ಟೇ ಅಂದೆ.

ಅವರು ಹೋದ ಮೇಲೆ ಹೆಸರು, ದೀಪ ಎಲ್ಲದರ ಮೇಲೂ ಬಣ್ಣ ಬಳಿದು ಬಂದೆ. ಈಗ ನಮ್ಮೂರಿನಲ್ಲಿ ಹೆಸರು ಬರೆಸದೆ ಕೊಟ್ಟ ದಾನ ಅದೊಂದೇ. ಅದನ್ನು ಕೊಟ್ಟವನು ನಾನು ಎಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿಯಾಗಿದೆ. ಬಾರದವರಿಗಾಗಿ ಇದನ್ನು ಬರೆದೆ.