ಕಚ್ಚುವ ಬೆಣ್ಣೆಯ ಕುರಿತು ಒಂದು ವಿನಮ್ರ ದೂರು

ಮುಲಾಮು ಕಂಪನಿಯ ಮುಖ್ಯಸ್ಥರಾದ ಮಾನ್ಯರೇ,

ತಾವೂ ತಮ್ಮ ಚರ್ಮವೂ ಕ್ಷೇಮವೆಂದು ನಂಬಿ, ಮೂರು ವರ್ಷದ ಮಗಳ ತಾಯಿಯಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಡಬ್ಬಿಯ ಮೇಲೆ "ಹೂವಿನಷ್ಟು ಮೃದು" ಎಂದು ಅಚ್ಚಾಗಿರುವುದನ್ನು ಓದಿ ನಾವು ಮನೆಮಂದಿಯೆಲ್ಲ ಕೃತಾರ್ಥರಾದೆವು.

ನಮ್ಮ ಮಗಳಿಗೆ ಎಕ್ಸಿಮಾ. ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಚರ್ಮ ಒಣಗಿ, ಕೆಂಪಾಗಿ, ಬಿರುಕು ಬಿಟ್ಟಿರುತ್ತದೆ. ಅಲ್ಲಿಗೆ ತಮ್ಮ ಹೂವು ತಾಗಿದ್ದೇ ತಡ, ಅವಳು ಕಿಟಾರನೆ ಕಿರುಚಿ ಮಂಚದ ಕೆಳಗೆ ಸೇರಿಕೊಂಡಳು. "ಅಮ್ಮಾ, ಈ ಬೆಣ್ಣೆ ಕಚ್ಚತ್ತೆ!" ಎಂಬುದು ಅವಳ ತೀರ್ಪು. ಅಂದಿನಿಂದ ಡಬ್ಬಿ ಕಂಡರೆ ಮಗಳು ಮಾಯ. ಹಚ್ಚದೆ ಬಿರುಕು ಹೆಚ್ಚಿತು, ಬಿರುಕು ಹೆಚ್ಚಿದಷ್ಟೂ ಉರಿ ಹೆಚ್ಚಿತು. ಕೊನೆಗೆ ಅಂಗಿ ತೊಡಿಸಿದರೂ ಅಳತೊಡಗಿದಳು.

ನಮ್ಮ ಯಜಮಾನರು ಕ್ಷೌರಿಕರು. ಗೀರಿದ ಕೆನ್ನೆಗಳಿಗೆ ಪಟಿಕ ಉಜ್ಜಿ "ಏನೂ ಆಗಲ್ಲ ಸಾರ್" ಎನ್ನುವುದು ಅವರ ವೃತ್ತಿಧರ್ಮವಾದ್ದರಿಂದ, ಮಗಳಿಗೂ ಅದನ್ನೇ ಹೇಳಿ, ಧೈರ್ಯ ತುಂಬಲೆಂದು, ಕತ್ತರಿ ತಾಗಿ ಸೀಳಿದ್ದ ತಮ್ಮ ಬೆರಳಿಗೇ ಮುಲಾಮು ಬಳಿದುಕೊಂಡರು. ಆಮೇಲೆ ಅವರು ಕುಣಿದ ಕುಣಿತವನ್ನು ತಾವು ನೋಡಬೇಕಿತ್ತು. ಮಂಚದ ಕೆಳಗಿನಿಂದ ತಲೆ ಹೊರಹಾಕಿದ ಮಗಳು, "ಅಪ್ಪ, ಬಾ, ಉಫ್ ಅಂತ ಊದ್ತೀನಿ" ಎಂದಳು. ಯಜಮಾನರ ಕಣ್ಣು ತುಂಬಿದ್ದು ಮುಲಾಮಿನಿಂದಲೋ ಅವಳಿಂದಲೋ, ನಾನು ವಿಚಾರಿಸಲು ಹೋಗಲಿಲ್ಲ.

ಮರುದಿನ ಮೂವರೂ ಹೋಗಿ ಡಾಕ್ಟರಮ್ಮನ ಮುಂದೆ ಕುಳಿತೆವು. ಅವರು ನಮ್ಮನ್ನು ಬಿಟ್ಟು ಮಗಳನ್ನೇ "ಎಲ್ಲಿ ಕಚ್ಚತ್ತೆ ಪುಟ್ಟಾ?" ಎಂದು ಕೇಳಿ, ಅವಳು ತೋರಿಸಿದಲ್ಲೆಲ್ಲ ಸಾವಧಾನವಾಗಿ ನೋಡಿದರು. "ಬರೀ ತುರಿಕೆ ಅಲ್ಲಮ್ಮ, ಇವಳಿಗೆ ನೋಯ್ತಿದೆ. ಬಿರುಕಿಗೆ ಈ ಕ್ರೀಮು ಉರಿಯತ್ತೆ" ಎಂದು ಜಿಡ್ಡಾದ ಬೇರೆ ಮುಲಾಮು ಬರೆದುಕೊಟ್ಟು, ಉಗುರುಬೆಚ್ಚನೆಯ ನೀರಲ್ಲಿ ಮೀಯಿಸಿ, ಉಜ್ಜದೆ ಮೆಲ್ಲಗೆ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ಹಚ್ಚುವುದನ್ನು ಕಲಿಸಿದರು. ಮೊದಲ ದಿನ ಹಲ್ಲು ಕಚ್ಚಿ ಕಾದಿದ್ದ ಮಗಳು, ಏನೂ ಆಗದಿದ್ದುದನ್ನು ಕಂಡು, "ಇನ್ನೊಂದು ಕೈ?" ಎಂದಳು. ಬಿರುಕುಗಳು ಕೂಡಿಕೊಂಡವು. ಮೊನ್ನೆ ಅಂಗಿಯನ್ನು ತಾನೇ, ಹಿಂದುಮುಂದಾಗಿ, ತೊಟ್ಟು ಬೀದಿಗೆ ಓಡಿದಳು.

ಆದ್ದರಿಂದ ಚಿಕ್ಕದೊಂದು ಬಿನ್ನಹ. ಮುಂದಿನ ಡಬ್ಬಿಗೆ ಅಚ್ಚು ಹಾಕಿಸುವ ಮುನ್ನ, ತಾವೂ ತಮ್ಮ ನಿರ್ದೇಶಕರೆಲ್ಲರೂ ಮೊಣಕೈಗಳನ್ನು ತುರಿಮಣೆಗೆ ಕೊಂಚ ತೀಡಿಕೊಂಡು, ತಮ್ಮದೇ ಮುಲಾಮು ಹಚ್ಚಿಕೊಂಡು, ನಮ್ಮ ಮನೆಯ ಮುಂದೆ ಸಾಲಾಗಿ ಕೂರುವ ಕೃಪೆ ಮಾಡಬೇಕು. ಕುಡಿಯಲು ನೀರು, ಒರೆಸಿಕೊಳ್ಳಲು ಕರವಸ್ತ್ರ ನಮ್ಮ ಕಡೆಯಿಂದ.

ತಮ್ಮ ವಿಶ್ವಾಸಿ, ಆದರೆ ಡಬ್ಬಿಯ ಮಾತನ್ನು ಇನ್ನು ವಿಶ್ವಾಸದಿಂದ ಓದದ,
ಒಬ್ಬ ತಾಯಿ

ಮರೆತ ಮಾತು: ಉಳಿದ ಮುಲಾಮನ್ನು ಕಿರುಗುಟ್ಟುತ್ತಿದ್ದ ಬಾಗಿಲಿನ ಕೀಲುಗಳಿಗೆ ಹಚ್ಚಿದೆವು. ಬಾಗಿಲು ಒಂದಿಷ್ಟೂ ಅಳಲಿಲ್ಲ. ಬೇಕಿದ್ದರೆ ಅದನ್ನು ಡಬ್ಬಿಯ ಮೇಲೆ ಮುದ್ರಿಸಿಕೊಳ್ಳಬಹುದು.