ಬದು ದಾಟಿದ ದಂಟು

ಅಣ್ಣ: ಆ ಕಥೆಯೆಲ್ಲ ಬೇಡ. ಇಷ್ಟು ವರ್ಷ ನಿನ್ನ ಹೊಲಕ್ಕೆ ಎಸೆದ ನನ್ನ ಜೋಳದ ದಂಟು, ಅಷ್ಟೂ ವಾಪಸ್ ಕೊಡು.

ತಮ್ಮ: ಸುಟ್ರೆ ಹೊಗೆಗೆ ಅತ್ತಿಗೆ ಬೈತಾರೆ, ಈ ಕಸ ನೀನೇ ಇಟ್ಕೋ ಅಂದವನು ನೀನೇ ಅಲ್ವೇನಣ್ಣ?

ಅಣ್ಣ: ಎಸೆದಾಗ ಕಸ. ಈಗ ಅಲ್ಲ.

ಇಬ್ಬರೂ ಬದುವಿನ ಆಚೀಚೆ, ಅವರವರ ಹೊಲದಲ್ಲೇ ನಿಂತಿದ್ದರು. ಅಣ್ಣನ ಕಡೆ ನೆಲ ಗುದ್ದಲಿಗೂ ಜಗ್ಗದಷ್ಟು ಗಟ್ಟಿ. ತಮ್ಮನ ಕಡೆ ಹಿಮ್ಮಡಿ ಹೂತುಹೋಗುವಷ್ಟು ಮೆತ್ತಗೆ, ಕಪ್ಪಗೆ. ಹೋದ ಬೆಳೆಯಲ್ಲಿ ತಮ್ಮನ ತೆನೆ ಗೇಣುದ್ದ ಬಂದರೆ ಅಣ್ಣನದು ಬೆರಳುದ್ದಕ್ಕೇ ನಿಂತಿತ್ತು. "ಮುಂದಿನ ಸಲವೂ ಹೀಗೇ ಆದ್ರೆ ಹೊಲಾನ ಮೈದುನನಿಗೇ ಮಾಡೋಕೆ ಕೊಟ್ಬಿಡಿ" ಎಂದು ಹೆಂಡತಿ ನಿನ್ನೆ ಬಡಿಸುತ್ತ ಬಡಿಸುತ್ತಲೇ ಹೇಳಿಬಿಟ್ಟಿದ್ದಳು. ಅಣ್ಣನಿಗೆ ಹೊಟ್ಟೆಕಿಚ್ಚು ಇತ್ತು, ಸುಳ್ಳೇಕೆ? ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಇತ್ತು. ತಾನು ಉತ್ತ ನೆಲದಲ್ಲಿ ತಮ್ಮ ಉಳುವುದನ್ನು ಜಗಲಿಯಲ್ಲಿ ಕೂತು ನೋಡುವುದು ಅವನಿಂದ ಆಗುತ್ತಿರಲಿಲ್ಲ.

ತಮ್ಮ: ವಾಪಸ್ ಕೊಡೋಣ ಅಂದ್ರೆ ದಂಟೆಲ್ಲಿದೆ? ಮಣ್ಣಾಗಿದೆ.

ಅಣ್ಣ: ತಾನಾಗೇ ಮಣ್ಣಾಯ್ತೇನೋ?

ತಮ್ಮ: ಇಲ್ಲ. ಶಿಲೀಂಧ್ರ ಬೆರೆಸಿದ ನೀರು ಚಿಮುಕಿಸಿದೆ. ಒಂಥರಾ ಒಳ್ಳೇ ಬೂಷ್ಟು. ಅದು ತಿಂತು.

ಅಣ್ಣ: ಬೂಷ್ಟು ಯಾರದು?

ತಮ್ಮ: ನಂದೇ.

ಅಣ್ಣ: ಹಾಗಾದ್ರೆ ನಿನ್ನ ಬೂಷ್ಟು ನನ್ನ ದಂಟು ಮೇದಿದೆ. ನಿನ್ನ ಎಮ್ಮೆ ಮೇದಿದ್ರೆ ಸುಮ್ನಿರ್ತಿದ್ನಾ?

ತಮ್ಮ: ಎಮ್ಮೆ ಆದ್ರೆ ಕಟ್ಟಿಹಾಕಬಹುದು. ಇದಕ್ಕೆ ಹಗ್ಗ ಎಲ್ಲಿಗೆ ಅಂತ ಹಾಕ್ಲಿ?

ಅಣ್ಣ: ಅದನ್ನ ಸಾಕೋ ಮುಂಚೆ ಯೋಚಿಸಬೇಕಿತ್ತು.

ತಮ್ಮ ಬಗ್ಗಿ ಒಂದು ಹೆಂಟೆ ಎತ್ತಿ ಮುರಿದ. ಒಳಗೆಲ್ಲ ದಾರಕ್ಕಿಂತ ತೆಳುವಾದ ಬಿಳಿ ಎಳೆಗಳು.

ತಮ್ಮ: ನೋಡು, ಇದೇ. ದಂಟಲ್ಲಿದ್ದ ಇಂಗಾಲ ಒಂದಿಷ್ಟು ಮಣ್ಣಲ್ಲೇ ಉಳಿಯುತ್ತೆ. ಅದಿದ್ರೆ ತೇವ ನಿಲ್ಲುತ್ತೆ, ಬೇರು ಇಳಿಯುತ್ತೆ, ತೆನೆ ತುಂಬುತ್ತೆ.

ಅಣ್ಣ: ನನ್ನ ದಂಟಲ್ಲಿ ಇಂಗಾಲ ಬೇರೆ ಇತ್ತಾ?

ತಮ್ಮ: ಇತ್ತು.

ಅಣ್ಣ: ನೋಡಿದ್ಯಾ! ನಾನು ಪಾಪ, ಬರೀ ದಂಟು ಕೇಳ್ಕೊಂಡು ಬಂದಿದ್ದೆ. ಇನ್ನೂ ಏನೇನಿತ್ತು, ಈಗಲೇ ಬಾಯಿಬಿಡು.

ಅಷ್ಟರಲ್ಲಿ ಅಣ್ಣನ ಹೆಂಡತಿ ಕುಡಿಯುವ ನೀರು ಹಿಡಿದು ಬಂದಳು.

ಅತ್ತಿಗೆ: ಏನ್ರೀ, ಕೇಳಿದ್ರಾ?

ಅಣ್ಣ: ಕೇಳ್ತಾ ಇದೀನಲ್ಲ.

ಅತ್ತಿಗೆ: ಸ್ವಲ್ಪ ಬೂಷ್ಟು ಕೊಡಪ್ಪ ಅಂತ ಕೇಳೋಕೆ ಇಷ್ಟೊತ್ತು ಬೇಕಾ?

ಅಣ್ಣ ಆಕಾಶ ನೋಡಿದ. ಅಲ್ಲಿ ಏನೂ ಇರಲಿಲ್ಲ.

ತಮ್ಮ: ಅಯ್ಯೋ, ಬೂಷ್ಟು ಬೇಕಿತ್ತೇನಣ್ಣ? ಡ್ರಮ್ ತುಂಬ ಇದೆ. ಸುಮ್ನೆ ತಗೊಂಡ್ಹೋಗು.

ಅಣ್ಣ: ಸುಮ್ನೆ ಯಾಕೋ ತಗೊಳ್ಲಿ? ನಾನೇನು ಬೇಡೋಕೆ ಬಂದಿದೀನಾ?

ತಮ್ಮ: ಸರಿ, ದಂಡ ಅಂತ ತಗೋ. ದಂಟು ಮೇದ ಕಳ್ಳನ್ನೇ ಹಿಡಿದು ನಿನ್ನ ವಶಕ್ಕೆ ಕೊಡ್ತೀನಿ.

ಅಣ್ಣ: ಹಾಂ, ಹಾಗೆ ಹೇಳು. ಅದು ನ್ಯಾಯ.

ಅತ್ತಿಗೆ: ನ್ಯಾಯ ಇರ್ಲಿ, ಅದನ್ನ ಹಾಕೋದು ಯಾವುದರ ಮೇಲೆ? ಈ ವರ್ಷದ ದಂಟೆಲ್ಲ ಹೋದ ವಾರವೇ ಆ ಕಡೆ ಎಸೆದಾಯ್ತಲ್ಲ.

ಮೂವರೂ ತಮ್ಮನ ಹೊಲದತ್ತ ತಿರುಗಿದರು. ಅಲ್ಲಿ ಹರಡಿದ್ದ ದಂಟಿಗೆ ಆಗಲೇ ಬಿಳಿ ಹಿಡಿಯತೊಡಗಿತ್ತು. ಅಣ್ಣನ ಮುಖ ಸಪ್ಪಗಾಯಿತು. ತಮ್ಮನಿಗೆ ಪಾಪ ಅನ್ನಿಸಿತು.

ತಮ್ಮ: ಯೋಚನೆ ಬೇಡ ಅತ್ತಿಗೆ. ಪಂಪ್‌ಸೆಟ್ ಶೆಡ್ ಹಿಂದೆ ನಂದೇ ಒಂದು ರಾಶಿ ಬಿದ್ದಿದೆ, ನಿಮ್ಮ ಕಡೆ ಎಸೀತೀನಿ. ಆದ್ರೆ ಅಣ್ಣ, ಮುಂದೆ ಒಂದು ದಿನ ನಾನೂ ಬಂದು ವಾಪಸ್ ಕೇಳಬಹುದು ತಾನೇ?

ಅಣ್ಣನಿಗೆ ನಿಜವಾಗಿಯೂ ಬೇಸರವಾಯಿತು.

ಅಣ್ಣ: ಅಷ್ಟೊತ್ತಿಗೆ ಅದು ಮಣ್ಣಾಗಿರುತ್ತೆ ಕಣೋ. ಮಣ್ಣಾಗಿ ಹೋಗಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ? ಮಾನ ಮರ್ಯಾದೆ ಬೇಡ್ವಾ?