ಸರ್ವಮಂಗಳಮ್ಮನವರ ನಾತಸಂಹಾರ

ಮೊದಲಿಗೆ, ಯಾರಿಗೂ ಕೇಳದ ಹಾಗೆ, ನನ್ನಷ್ಟಕ್ಕೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆ ವಾಸನೆ ನನ್ನದೇ ಇರಬಹುದೆಂದು ನನಗೆ ಅನುಮಾನವಿತ್ತು. ಮನೆಯವರು "ಏನೋ ನಾರ್ತೈತೆ" ಅಂದಾಗಲೆಲ್ಲ ನಾನು ಮೆಲ್ಲಗೆ ಎದ್ದು ಹೋಗಿ, ಬಾಗಿಲು ಹಾಕಿಕೊಂಡು, ದುಪಟ್ಟಾ, ತೋಳು, ಜಡೆಯ ತುದಿ ಎಲ್ಲವನ್ನೂ ಮೂಸಿ ನೋಡಿಕೊಳ್ಳುತ್ತಿದ್ದೆ. ಏನೂ ಗೊತ್ತಾಗುತ್ತಿರಲಿಲ್ಲ. ಅವರವರ ವಾಸನೆ ಅವರಿಗೆ ತಿಳಿಯುವುದಿಲ್ಲವಂತೆ. ಹಾಗಾಗಿ ಏನೂ ಗೊತ್ತಾಗದೆ ಇದ್ದದ್ದೇ ಇನ್ನಷ್ಟು ಚಿಂತೆಯಾಯಿತು. ಇರಲಿ. ಮಹಾಕಥೆಗೆ ಇಂಥ ಆರಂಭ ಒಪ್ಪುವುದಿಲ್ಲ.

ಎಲೈ ನಾಸಿಕಾಗ್ರನಿವಾಸಿನಿಯೇ, ಸುಗಂಧದುರ್ಗಂಧವಿವೇಚನಾಚತುರೆಯೇ, ನೆಗಡಿಯ ಕಾಲವೊಂದನ್ನುಳಿದು ಎಂದೂ ಭಕ್ತರ ಕೈಬಿಡದ ಘ್ರಾಣದೇವತೆಯೇ, ಕರುಣಿಸು! ಮಿಕ್ಸಿಯ ಗರ್ಜನೆಯಿಂದ ಬೆಳಗಾಗಿ ಧಾರಾವಾಹಿಯ ಅಳುವಿನಿಂದ ಸಂಜೆಯಾಗುವ ಈ ಯುಗದಲ್ಲಿ, ಬೆಣ್ಣೆದೋಸೆಯ ಪರಿಮಳದಿಂದ ದಿಗಂತಗಳನ್ನು ಸಿಂಗರಿಸಿಕೊಂಡ ದಾವಣಗೆರೆಯೆಂಬ ಮಹಾಪಟ್ಟಣದಲ್ಲಿ, ಕೆಂಪು ಗಾರೆಯ ನೆಲವುಳ್ಳ ಒಂದು ಮನೆಯೊಳಗೆ ನಡೆದ ಘೋರಸಮರವನ್ನು ಬಣ್ಣಿಸಲು ನನ್ನ ಲೇಖನಿಗೆ ಬಲ ಕೊಡು. ನಾಲಗೆಗೆ ಕೊಟ್ಟು ಪ್ರಯೋಜನವಿಲ್ಲ. ಅಪ್ಪ ನನಗೆ ವಚನಾ ಎಂದು ಹೆಸರಿಟ್ಟರು. ಅದಾದ ಮೇಲೆ ನಾನು ಹೆಚ್ಚು ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ಆ ಮನೆಯನ್ನು ಆಳುತ್ತಿದ್ದವಳು ನಿತ್ಯಗೃಹಸಂಮಾರ್ಜನವ್ರತಧಾರಿಣಿ, ಧೂಳಿಪಟಲವಿಧ್ವಂಸಿನಿ, ಜೇಡರಬಲೆಗಳ ಪಾಲಿಗೆ ಪ್ರಳಯರೂಪಿಣಿಯಾದ ಸರ್ವಮಂಗಳಮ್ಮ, ಅಂದರೆ ನಮ್ಮಮ್ಮ. ಆಕೆಯ ಮನೆಯ ನೆಲದ ಮೇಲೆ ಎಲೆಯಿಲ್ಲದೆಯೇ ಊಟ ಬಡಿಸಬಹುದೆಂದು ಓಣಿಯೆಲ್ಲ ಹೇಳುತ್ತಿತ್ತು. ಆಕೆಯ ಪತಿ, ವಾರ್ತಾಪತ್ರಿಕಾಂತರ್ಹಿತ, ಯುದ್ಧಕ್ಕೂ ಸಂಧಾನಕ್ಕೂ ಸಮಾನ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಪಂಚಾಕ್ಷರಪ್ಪನವರು. ಇನ್ನು ಹೊಸ್ತಿಲ ಬಳಿಯ ಗೋಣಿತಾಟಿನ ಮೇಲೆ ವಿರಾಜಮಾನನಾಗಿದ್ದವನು, ಒಂದು ಕಿವಿ ಎದ್ದ, ಒಂದು ಕಿವಿ ಬಿದ್ದ, ಕುಲಗೋತ್ರಗಳ ಪ್ರಶ್ನೆ ಬಂದಾಗ ಬಾಲವನ್ನಷ್ಟೇ ಅಲ್ಲಾಡಿಸುವ ಗುಂಡಭೂಪತಿ. ಲೋಕವು ಅವನನ್ನು ಗುಂಡ ಎಂದು ಕರೆದರೆ, ಹಾಲಿನವನು "ಥೂ ಸರಿಯೋ" ಎಂದು ಕರೆಯುತ್ತಿದ್ದ.

ಆಷಾಢದ ಮೋಡ ಕವಿದ ಒಂದು ಬೆಳಿಗ್ಗೆ ಎದುರುಮನೆಯ ಕೊಟ್ರಮ್ಮನವರು ಮೊಸರಿನ ಹೆಪ್ಪು ಕೇಳಿಕೊಂಡು ಬಂದರು. ಬಂದವರು ಹೊಸ್ತಿಲಲ್ಲಿ ನಿಂತರು. ನಿಂತವರು ಸೆರಗನ್ನು ಮೂಗಿಗೆ ತಂದರು.

"ಯಾಕ್ರೀ ಕೊಟ್ರಮ್ಮ, ಅಲ್ಲೇ ನಿಂತ್ಬಿಟ್ರಿ? ಒಳಗೆ ಬರ್ರಿ," ಅಂದಳು ಅಮ್ಮ.

"ಇರ್ಲಿ ಬಿಡ್ರಿ, ಹೆಪ್ಪು ಕೊಟ್ರೆ ಸಾಕು. ಏನೋ ಒಂಥರಾ ವಾಸನೆ ಐತಲ್ರೀ... ನಾಯಿ ಸಾಕಿದ ಮನೆ, ಇರ್ತೈತೆ ಬಿಡ್ರಿ. ನಾನೇನು ತಪ್ಪು ತಿಳ್ಕೊಳ್ಳಲ್ಲ."

ತಪ್ಪು ತಿಳಿದುಕೊಂಡಿದ್ದರೆ ಅಮ್ಮ ಸಹಿಸಿಕೊಳ್ಳುತ್ತಿದ್ದಳು. ತಿಳಿದುಕೊಳ್ಳಲ್ಲ ಅಂದದ್ದು ವಿಷಲೇಪಿತ ಬಾಣದಂತೆ ನೇರ ಎದೆಗೆ ನಾಟಿತು. ಕೊಟ್ರಮ್ಮನವರು ಬಟ್ಟಲು ಹಿಡಿದು ರಸ್ತೆ ದಾಟುವಷ್ಟರಲ್ಲಿ ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಡುಮನೆಯಲ್ಲಿ ಸ್ಥಿರವಾಗಿ ನಿಂತು, "ಎಲೈ ಅಷ್ಟದಿಕ್ಕುಗಳೇ, ಕೇಳಿರಿ! ಯಾವ ನಾತವು ನನ್ನ ಗೃಹಕೀರ್ತಿಯೆಂಬ ಪೂರ್ಣಚಂದ್ರನಿಗೆ ಗ್ರಹಣವಾಗಿ ಹಿಡಿಯಿತೋ, ಆ ನಾತದ ಮೂಲವು ಪಾತಾಳದಲ್ಲಡಗಿದ್ದರೂ ಶೋಧಿಸಿ, ತೊಳೆದು, ತಿಕ್ಕಿ, ಒರೆಸಿ, ಹೆಸರಿಲ್ಲದಂತೆ ಮಾಡದೆ ಈ ಸೆರಗನ್ನು ಬಿಚ್ಚಲಾರೆ!" ಎಂಬ ಅರ್ಥ ಹೊಮ್ಮುವಂತೆ ನುಡಿದಳು:

"ಅವಳ ಹೆಪ್ಪಿಗಿಷ್ಟು ಬೆಂಕಿ ಹಾಕ. ರೀ, ಫಿನಾಯಿಲ್ ಮುಗಿದೈತೆ, ತಗೊಂಬರ್ರಿ."

ಹೀಗೆ ಸಮರ ಆರಂಭವಾಯಿತು. ಆ ಸಮರದುದ್ದಕ್ಕೂ ಅಮ್ಮನ ಬಲಗೈಯನ್ನು ಬಿಡದೆ ಇದ್ದ ಆಯುಧವೆಂದರೆ ಒರೆಸುವ ಬಟ್ಟೆ. ಅದು ಹಿಂದೊಂದು ಕಾಲದಲ್ಲಿ ಪಂಚಾಕ್ಷರಪ್ಪನವರ ವಕ್ಷಸ್ಥಳವನ್ನು ಕವಚದಂತೆ ಕಾದು, ತೂತುಗಳೆಂಬ ಗಾಯಗಳನ್ನು ಮೈತುಂಬ ಹೊತ್ತು, ಗೌರವದಿಂದ ನಿವೃತ್ತವಾದ ಬನಿಯನ್ನು.

ಮೊದಲು ಫಿನಾಯಿಲ್ ಎಂಬ ಶ್ವೇತಸೇನೆ ನುಗ್ಗಿತು. ನಡುಮನೆ, ಅಡುಗೆಮನೆ, ಪಡಸಾಲೆ, ಎಲ್ಲ ಕಡೆ ಅಮ್ಮ ಮಂಡಿಯೂರಿ ಒರೆಸಿದಳು. ಗುಂಡಭೂಪತಿ ಸೀನಿದ. ಮಧ್ಯಾಹ್ನದವರೆಗೆ ಫಿನಾಯಿಲ್ಲೇ ಪಟ್ಟದ ಮೇಲಿತ್ತು. ಸಂಜೆಯಾಗುತ್ತಲೇ ಹಳೆಯ ನಾತ ತಿರುಗಿ ಬಂದು ಸಿಂಹಾಸನವೇರಿ, ಫಿನಾಯಿಲನ್ನು ಮಂತ್ರಿಯಾಗಿ ಇಟ್ಟುಕೊಂಡಿತು. ಈಗ ಎರಡೂ ಇದ್ದವು.

ಮಾರನೆಯ ದಿನ ಅಡುಗೆ ಸೋಡಾ. ಪ್ರಾಣಿಗಳು ಮಲಗುವ ಹಾಸಿನ ಮೇಲೆ ಸೋಡಾ ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು ಕೊಡವಿದರೆ ದುರ್ವಾಸನೆಯನ್ನೆಲ್ಲ ಅದು ಹೀರುತ್ತದೆಂದು ಮೊಬೈಲಿನ ವಿಡಿಯೋ ಒಂದು ಅಮ್ಮನಿಗೆ ಉಪದೇಶ ಮಾಡಿತ್ತು. ಉಪದೇಶ ಸತ್ಯವೇ. ಆದರೆ ಬಿಡಬೇಕಾದ ಆ ಸ್ವಲ್ಪ ಹೊತ್ತನ್ನು ಗುಂಡನಿಗೆ ಯಾರೂ ತಿಳಿಸಿರಲಿಲ್ಲ. ಅವನು ಹೋಗಿ ಗೋಣಿತಾಟಿನ ಮೇಲೆ ಹೊರಳಿ, ಸರ್ವಾಂಗಕ್ಕೂ ವಿಭೂತಿ ಧರಿಸಿದ ಯೋಗಿಯಂತೆ ಎದ್ದು, ಮನೆಯ ಕೋಣೆಗಳಿಗೆಲ್ಲ ಭೇಟಿ ಕೊಟ್ಟು, ಕೆಂಪು ನೆಲದ ಮೇಲೆ ಬಿಳಿಯ ಪಾದಮುದ್ರೆಗಳನ್ನು ಅನುಗ್ರಹಿಸಿದನು. ಅಮ್ಮ ಬನಿಯನ್ನು ಹಿಡಿದು ಒಂದೊಂದು ಮುದ್ರೆಯನ್ನೂ ಅಳಿಸುತ್ತ ಹಿಂದೆಯೇ ನಡೆದಳು. ಸಂಜೆಗೆ ನಾತ ಮತ್ತೆ ಬಂತು.

ಆಮೇಲೆ ವಿನೆಗರ್. ಸ್ಟೀಲ್ ಲೋಟಗಳಲ್ಲಿ ಸುರಿದು ಮೂಲೆ ಮೂಲೆಗೂ ಕಾವಲು ನಿಲ್ಲಿಸಿದ್ದಾಯಿತು. ಅಪ್ಪನ ಕುರ್ಚಿಯ ಪಕ್ಕವೂ ಒಬ್ಬ ಕಾವಲುಗಾರ ನಿಂತಿದ್ದ. ಅಪ್ಪ ಪತ್ರಿಕೆಯಿಂದ ಕಣ್ಣು ಕೀಳದೆ ಕೈಚಾಚಿದರು.

"ಏನೇ ಇದು! ಜೀರಿಗೆ ನೀರಾ, ಆಸಿಡ್ಡಾ?"

"ಅಯ್ಯೋ ನಿಮ್ಮ! ಅದು ಕುಡಿಯೋಕಲ್ಲ ರೀ, ವಾಸನೆ ಹೀರ್ಕೊಳ್ಳೋಕೆ ಇಟ್ಟಿದ್ದು!"

"ನಾನು ಹೀರಿದ್ದಾಯ್ತು ಬಿಡು. ನಾಳೆಯಿಂದ ಮನೆ ಘಮ ಘಮ ಅನ್ನುತ್ತೆ."

ಅಪ್ಪನ ಗಂಟಲು ಎರಡು ದಿನ ಉರಿಯಿತು. ನಾತದ ಕೂದಲೂ ಕೊಂಕಲಿಲ್ಲ.

ಕೊನೆಗೆ ಅಮ್ಮ ಶತ್ರುವಿನ ಮೈಗೇ ಕೈ ಹಾಕಿದಳು. ಬೇವಿನ ಸೊಪ್ಪು ಕುದಿಸಿದ ನೀರು ಆರಿಸಿ, ಕಡಲೆಹಿಟ್ಟು ಹಚ್ಚಿ, ಹಿತ್ತಲಲ್ಲಿ ಗುಂಡನಿಗೆ ಮಂಗಳಸ್ನಾನವಾಯಿತು. ಒದ್ದೆ ನಾಯಿ ಒಣ ನಾಯಿಗಿಂತ ಹೆಚ್ಚು ನಾರುತ್ತದೆ. ಬುಡದವರೆಗೂ ಒರೆಸಿ ಒಣಗಿಸಬೇಕು. ಆ ಕೆಲಸ ನನ್ನದು. ಹಳೆಯ ಟವೆಲಿನಲ್ಲಿ ಅವನನ್ನು ಸುತ್ತಿ, ಬಿದ್ದ ಕಿವಿಯ ಒಳಮಡಿಕೆಯನ್ನೂ ಬಿಡದೆ ಒರೆಸುತ್ತ, ಆ ದಿನ ನನಗೆ ಏನೇನು ಅನ್ನಿಸಿತ್ತೋ ಎಲ್ಲವನ್ನೂ ಹೇಳಿದೆ. ಹಾಗೆ ಹೇಳಿಕೊಳ್ಳಲು ನನಗಿರುವವನು ಅವನೊಬ್ಬನೇ. ಅವನು ಮಧ್ಯೆ ಬಾಯಿ ಹಾಕುವುದಿಲ್ಲ, "ಗಟ್ಟಿಯಾಗಿ ಹೇಳೇ" ಅನ್ನುವುದಿಲ್ಲ.

ಸಂಜೆಗೆ ನಾತ ಬಂತು. ಅಮ್ಮ ಗೋಡೆಗೊರಗಿ ಕೂತು, ಮಂಡಿ ನೀವಿಕೊಳ್ಳುತ್ತ, ತನ್ನ ತಮ್ಮನಿಗೆ ಫೋನು ಮಾಡಿದಳು.

"ಬಕ್ಕೇಶ, ನಿನ್ನ ಭಟ್ಟಿ ಕಾಯೋಕೆ ನಾಯಿ ಬೇಕು ಅಂತಿದ್ದೆಲ್ಲ... ಹೂಂ, ನಮ್ಮದೇ. ಭಾನುವಾರ ಬಂದು ಕರ್ಕೊಂಡೋಗು. ನನ್ನ ಕೈಲಾಗಲ್ಲಪ್ಪ."

ಬಕ್ಕೇಶ ಮಾವನ ಮಂಡಕ್ಕಿ ಭಟ್ಟಿಯನ್ನು ನಾನು ನೋಡಿದ್ದೇನೆ. ಹೊಟ್ಟಿನ ಬೆಂಕಿ, ಕಾದ ಮರಳು, ಹಗಲಲ್ಲೇ ಕತ್ತಲೆ ಮಾಡುವ ಹೊಗೆ. ಗೇಟಿನ ಪಕ್ಕ ಒಂದು ಗೂಟ, ಗೂಟಕ್ಕೆ ಸರಪಳಿ. ಗುಂಡಭೂಪತಿಯ ವನವಾಸ ಅಲ್ಲಿಗೆ ಎಂದು ನಿಶ್ಚಯವಾಯಿತು. ಅಲ್ಲಿಯತನಕ ಅವನನ್ನು ತಾರಸಿಯ ಮೇಲೆ ಕಟ್ಟಿ ಹಾಕಿದರು. ಅಪ್ಪ ಪತ್ರಿಕೆಯನ್ನು ಇನ್ನಷ್ಟು ಎತ್ತರಕ್ಕೆ ಹಿಡಿದರು.

ಶನಿವಾರ ಮಧ್ಯಾಹ್ನ ನನ್ನ ಓಲೆಯ ತಿರುಪು ಉರುಳಿ ಮಂಚದ ಕೆಳಗೆ ಹೋಯಿತು. ಅಮ್ಮ ಆಗಷ್ಟೇ ನೆಲ ಒರೆಸಿ ಹೋಗಿದ್ದಳು. ನಾನು ಬೋರಲಾಗಿ ಮಲಗಿ ಕೈಚಾಚಿದೆ. ಮೂಗು ನೆಲಕ್ಕೆ ತಾಗುವಷ್ಟು ಹತ್ತಿರ ಬಂದಾಗ ನಾತವು ಸಪರಿವಾರವಾಗಿ ಎದುರು ಬಂದು ನಿಂತಿತು. ಗುಂಡ ಇದ್ದದ್ದು ತಾರಸಿಯಲ್ಲಿ. ತಿರುಪನ್ನು ಅಲ್ಲಿಯೇ ಬಿಟ್ಟು, ಇನ್ನೂ ಆರದ ತೇವದ ಜಾಡು ಹಿಡಿದು ನಡೆದೆ. ಜಾಡು ನಡುಮನೆಯನ್ನು ಹಾದು, ಪಡಸಾಲೆಯನ್ನು ಬಳಸಿ, ಬಚ್ಚಲಮನೆಯ ಬಾಗಿಲ ಹಿಂದೆ ಹೋಗಿ ಮುಗಿಯಿತು. ಅಲ್ಲಿ, ಸೂರ್ಯನಿಗೆ ಪ್ರವೇಶವೇ ಇಲ್ಲದ ಮೂಲೆಯಲ್ಲಿ, ಬಕೆಟ್ಟಿನ ಅಂಚಿನ ಮೇಲೆ, ಹಿಂಡಿ ಮುದುಡಿಸಿಟ್ಟ ಬನಿಯನ್ನು ಕುಳಿತಿತ್ತು. ಎತ್ತಿ ಮೂಗಿನ ಹತ್ತಿರ ತಂದೆ.

ಅದನ್ನು ವರ್ಣಿಸಬಲ್ಲ ಸಮಾಸವನ್ನು ನಾನಿನ್ನೂ ಹುಡುಕುತ್ತಿದ್ದೇನೆ.

ಅದು ಬಿಸಿಲು ಕಂಡೇ ಇರಲಿಲ್ಲ. ಅಮ್ಮ ಅದನ್ನು ತಂತಿಯ ಮೇಲೆ ಹಾಕುವವಳಲ್ಲ. ತೂತುಬಿದ್ದ ಬನಿಯನ್ನು ರಸ್ತೆಗೆ ಕಂಡರೆ, ಅದರಲ್ಲೂ ಕೊಟ್ರಮ್ಮನವರ ಕಿಟಕಿಗೆ ಕಂಡರೆ, ಮನೆಯ ಮಾನ ಏನಾಗಬೇಕು? ಅದಕ್ಕೇ ದಿನವೂ ಹಿಂಡಿ, ಮರೆಯಲ್ಲಿಟ್ಟು, ಮರುದಿನ ಅದೇ ತೇವದಲ್ಲಿ ಮತ್ತೆ ಅದ್ದಿ, ಮೂಲೆ ಮೂಲೆಗೂ ಶ್ರದ್ಧೆಯಿಂದ ಒರೆಸುತ್ತಿದ್ದಳು. ಯುದ್ಧ ಬಿರುಸಾದಷ್ಟೂ ಒರೆಸುವುದು ಹೆಚ್ಚಿತು, ಒರೆಸಿದಷ್ಟೂ ಶತ್ರುವಿನ ರಾಜ್ಯ ಬೆಳೆಯಿತು.

ನಿಜ ಹೇಳುವುದಾದರೆ ನನಗೆ ಮೊದಲು ಆದದ್ದು ಸಂತೋಷ. ನಾರುತ್ತಿದ್ದದ್ದು ನಾನಲ್ಲ! ಗುಂಡನ ನೆನಪು ಬಂದದ್ದು ಆಮೇಲೆ.

ಹೇಳಿಬಿಡಬಹುದಿತ್ತು. ಆದರೆ ರಣರಂಗದ ಕವಿಗೆ ಒಂದು ನಿಯಮವುಂಟು: ಬದಿಯಲ್ಲಿ ನಿಂತು ನೋಡಬೇಕು, ಮುಗಿದ ಮೇಲೆ ಹೊಗಳಬೇಕು, ನಡುವೆ ಸೊಲ್ಲೆತ್ತಬಾರದು. ಈ ನಿಯಮ ನನಗೆ ಎಷ್ಟು ಹೊಂದುತ್ತಿತ್ತೆಂದರೆ, ಹಿಂದಿನವರು ಮಾಡಿರದಿದ್ದರೆ ನಾನೇ ಮಾಡಿಕೊಳ್ಳುತ್ತಿದ್ದೆ. ಅದೂ ಅಲ್ಲದೆ ಹೇಳಬೇಕಾದದ್ದು ಅಮ್ಮನಿಗೆ. ಮಂಡಿ ಊದಿಸಿಕೊಂಡು ಮನೆಯನ್ನೆಲ್ಲ ಉಜ್ಜಿದವಳಿಗೆ, ನಾತವನ್ನು ಬಳಿದದ್ದೇ ನಿನ್ನ ಕೈ ಎನ್ನಬೇಕು. ಆದರೂ ಆ ಸಂಜೆ ಧೈರ್ಯ ತಂದುಕೊಂಡು ಅಡುಗೆಮನೆಗೆ ಹೋದೆ.

"ಅಮ್ಮಾ..."

"ಏನೇ?"

"ಆ ಒರೆಸೋ ಬಟ್ಟೆ..."

"ಏನಂದೆ? ಗಟ್ಟಿಯಾಗಿ ಹೇಳೇ, ಒಗ್ಗರಣೆ ಸೀದು ಹೋಗ್ತೈತೆ!"

"ಏನಿಲ್ಲ. ಕನ್ನಡಕ ಒರೆಸೋ ಬಟ್ಟೆ ಎಲ್ಲೈತೆ?"

"ನಿನಗೆ ಕನ್ನಡಕ ಎಲ್ಲೈತೇ?"

ನನಗೆ ಕನ್ನಡಕವಿಲ್ಲ. ಕವಿ ಹಿಂದೆ ಸರಿದಳು.

ಭಾನುವಾರ, ತುಷಾಗ್ನಿಧೂಮಧೂಸರಿತಗಾತ್ರ, ಮಂಡಕ್ಕಿಮಂಡಲಾಧೀಶ್ವರ ಬಕ್ಕೇಶ ಮಾವ ಲಗೇಜ್ ಆಟೋ ಎಂಬ ರಥವನ್ನೇರಿ, ಕೈಯಲ್ಲಿ ಸರಪಳಿ ಹಿಡಿದು ಬಂದಿಳಿದನು. ಗುಂಡನನ್ನು ತಾರಸಿಯಿಂದ ಇಳಿಸಿ ತಂದರು. ಅವನು ತನ್ನನ್ನು ಒಯ್ಯಲು ಬಂದವನ ಸುತ್ತ ಸಂಭ್ರಮದಿಂದ ಸುತ್ತಿ, ಚಪ್ಪಲಿ ನೆಕ್ಕಿ, ಬಾಲ ಬೀಸಿದನು.

"ಎಲ್ಲಕ್ಕಾ ವಾಸನೆ?" ಮಾವ ಬಗ್ಗಿ ಮೂಸಿ ಕೇಳಿದ. "ನನಗೇನೂ ಬರ್ತಿಲ್ಲಪ್ಪ."

"ನಿನ್ನ ಮೂಗೊಳಗೆ ಭಟ್ಟಿ ಹೊಗೆನೇ ತುಂಬೈತೆ. ನಿನಗೇನು ಬರ್ತೈತೆ, ಮಣ್ಣು!"

"ಅದೂ ಹೌದನ್ನು. ಮೊನ್ನೆ ಹೆಂಡ್ತಿ ಸೆಂಟ್ ಹಾಕ್ಕೊಂಡು ಬಂದಿದ್ಲು, ಡೀಸೆಲ್ ಏನೇ ಅಂದೆ. ಇನ್ನೂ ಮಾತು ಬಿಟ್ಟವ್ಳೆ."

ಹೀಗೆ ಗುಂಡನ ಪರವಾಗಿದ್ದ ಏಕೈಕ ಸಾಕ್ಷಿಯೂ ಬಿದ್ದುಹೋಯಿತು. ಅಮ್ಮ ಒಳಗೆ ಹೋಗಿ, ಹಾಲಿನಲ್ಲಿ ರೊಟ್ಟಿ ಮುರಿದು ಕಲಸಿ ತಂದು ಅವನ ಮುಂದಿಟ್ಟಳು. "ತಿನ್ನೋ. ಅಲ್ಲಿ ನಿನಗೆ ಯಾರು ಹಾಲು ಹಾಕ್ತಾರೆ," ಅಂದು ಮುಖ ತಿರುಗಿಸಿಕೊಂಡಳು. ಅವನು ಆತುರಕ್ಕೆ ಬಟ್ಟಲನ್ನೇ ಮಗುಚಿದ. ಹಾಲು ಕೆಂಪು ನೆಲದ ಮೇಲೆ ಹರಿಯಿತು. ಅಮ್ಮ ಅಭ್ಯಾಸಬಲದಿಂದ ಬಚ್ಚಲಿಗೆ ಹೋಗಿ ಬನಿಯನ್ನು ತಂದು, ಮಂಡಿಯೂರಿ, ಒರೆಸತೊಡಗಿದಳು. ನಾತ ಗುಪ್ಪನೆ ಎದ್ದಿತು.

"ನೋಡಿದ್ಯಾ ಬಕ್ಕೇಶ? ಹೋಗೋವಾಗ್ಲೂ ಹೆಂಗೆ ನಾರ್ತಾನೆ ನೋಡು!"

"ಆಯ್ತು ತಗಾ, ಹೊತ್ತಾಯ್ತು," ಎಂದು ಮಾವ ಸರಪಳಿಯ ಕೊಕ್ಕೆಯನ್ನು ಗುಂಡನ ಕೊರಳಪಟ್ಟಿಗೆ ಸಿಕ್ಕಿಸಿದ. ಅಪ್ಪ ಪತ್ರಿಕೆ ಮಡಚಿ ಎಲ್ಲಿಯೋ ನೋಡತೊಡಗಿದರು. ಗುಂಡ ನನ್ನ ಕಡೆ ತಿರುಗಿ, ಎದ್ದ ಕಿವಿಯನ್ನು ಇನ್ನಷ್ಟು ಎತ್ತಿದ. ನಾನು ಏನಾದರೂ ಹೇಳುವಾಗ ಅವನು ಮಾಡುವುದೇ ಹಾಗೆ.

ಆಗ ಆ ಕವಿಯು, ಪೂರ್ವಾಚಾರ್ಯರ ನಿಯಮಗಳನ್ನೆಲ್ಲ ಮುರಿದು, ಕಾಲಿಗೆ ಸಿಕ್ಕ ಹಾಲಿನ ಬಟ್ಟಲನ್ನು ಒದ್ದು, ರಥಕ್ಕೂ ರಥಿಕನಿಗೂ ನಡುವೆ ಬಂದು ನಿಂತಳು. "ನಿಲ್ಲಿಸಿರಿ ಈ ಅಧರ್ಮವನ್ನು! ನಿರಪರಾಧಿಯ ಕೊರಳಿಗೆ ಬಿದ್ದ ಈ ಶೃಂಖಲೆಯನ್ನು ಕಳಚಿರಿ!" ಎಂಬ ಮಾತುಗಳು ಅವಳ ಎದೆಯಲ್ಲಿ ಸಮುದ್ರಘೋಷದಂತೆ ಮೊಳಗುತ್ತಿದ್ದವು. ಎಲ್ಲರೂ ಅವಳತ್ತ ನೋಡಿದರು. ಇದನ್ನೇ ಅವಳು ಹುಟ್ಟಿದಾಗಿನಿಂದ ತಪ್ಪಿಸಿಕೊಂಡು ಬಂದಿದ್ದಳು. ಸಮುದ್ರವೆಲ್ಲ ಎಲ್ಲಿಯೋ ಇಂಗಿಹೋಯಿತು. ಉಳಿದ ಸಣ್ಣ ಕೀರಲು ದನಿಯಲ್ಲಿ, ಆದರೂ ಎದುರುಮನೆಗೆ ಕೇಳುವಷ್ಟು ಗಟ್ಟಿಯಾಗಿ, ನಾನು ಹೇಳಿದೆ:

"ಅಮ್ಮಾ, ಗುಂಡ ಅಲ್ಲ. ನಿನ್ನ ಒರೆಸೋ ಬಟ್ಟೆ ನಾರ್ತೈತೆ. ಅದನ್ನ ಬಿಸಿಲಿಗೆ ಹಾಕು."